ಚಳಿಗಾಲದ ಹೋಟೆಲು, ಏಳು ಹಾಡು

ಸಾಗರದ ಕಡೆ ಜನವರಿ ಅಂದರೆ ಅಡಿಕೆ ಬೇಯಿಸುವ ಕಾಲ. ಅಂಗಳದ ಮೂಲೆಯ ಒಲೆ ಬೆಳಗಿನ ಜಾವಕ್ಕೇ ಹೊತ್ತಿಕೊಳ್ಳುತ್ತದೆ, ಹಂಡೆಯಲ್ಲಿ ಚೊಗರು ಕುದಿಯುತ್ತದೆ. ಚಳಿಗೆ ಮೇಲೇಳಲಾರದ ಹೊಗೆ ತೋಟದ ಕೆಳಗಿನ ಕೆರೆಯ ಮೇಲೆ ಹಾಸಿಕೊಂಡು ಬಿಸಿಲು ಬರುವವರೆಗೂ ಅಲ್ಲೇ ಮಲಗಿರುತ್ತದೆ. ಹುಟ್ಟಿದಾಗಿನಿಂದ ಅವನು ನೋಡುತ್ತ ಬಂದ ನೋಟ ಅದು. ಸ್ವಿಟ್ಜರ್ಲೆಂಡಿನಿಂದ ಮರಳಿದ ಹತ್ತನೆಯ ದಿನ ಮಾತ್ರ, ಕಾಫಿ ಲೋಟ ಹಿಡಿದು ಜಗುಲಿಗೆ ಬಂದವನು ಆ ಹೊಗೆ ಕಂಡು ನಿಂತೇಬಿಟ್ಟ. ಒಳಗಿಂದ ಹೆಂಡತಿ ಎರಡು ಸಲ ಕರೆದದ್ದೂ ಕಿವಿಗೆ ಬೀಳಲಿಲ್ಲ. ಕಾಫಿ ಆರಿತು.

ಮಾಂಟ್ರೋದಿಂದ ತಂದ ಚಾಕೊಲೇಟು ಖರ್ಚಾಗಿತ್ತು, ಫೋಟೋಗಳನ್ನು ನೆಂಟರಿಷ್ಟರೆಲ್ಲ ನೋಡಿ ಮುಗಿಸಿದ್ದರು. ಆದರೆ ಆ ಊರಿನಲ್ಲಿ ಅಕ್ಕನ ಮಗಳು ಕೇಳಿದ ಒಂದು ಪ್ರಶ್ನೆ ಮುಗಿದಿರಲಿಲ್ಲ.

ಅವನದು ಮೈಕ್‌ಸೆಟ್ಟಿನ ಮನೆ. ಅಪ್ಪ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದರು: ಎರಡು ಆಂಪ್ಲಿಫೈಯರು, ನಾಲ್ಕು ಹಾರ್ನು, ವೈರಿನ ಸುರುಳಿಗಳು, ಮಳೆ ಬಂದರೆ ಮುಚ್ಚಲು ಒಂದು ದಪ್ಪ ಟಾರ್ಪಾಲು. ಮದುವೆ ಚಪ್ಪರ, ಗಣಪತಿ ಪೆಂಡಾಲು, ಎಲ್ಲಕ್ಕಿಂತ ಹೆಚ್ಚಾಗಿ ಯಕ್ಷಗಾನ. ಭಾಗವತರ ಬಾಯಿಯಿಂದ ಮೈಕು ಎಷ್ಟು ಗೇಣು ದೂರ ಇರಬೇಕು, ಚಂಡೆಯನ್ನು ಯಾವ ಮೂಲೆಗೆ ತಳ್ಳಿದರೆ ಮದ್ದಳೆ ಕೇಳುತ್ತದೆ, ತೆಂಗಿನ ಗರಿಯ ತಟ್ಟಿ ಎಷ್ಟು ಸದ್ದು ನುಂಗುತ್ತದೆ, ಇವೆಲ್ಲ ಅವನಿಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ.

1986ರಲ್ಲಿ ದಾವಣಗೆರೆಯ ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಹುಡುಗ ಒಂದು ಕ್ಯಾಸೆಟ್ ಹಾಕಿದ. ಡೀಪ್ ಪರ್ಪಲ್ ಎಂಬ ಇಂಗ್ಲೆಂಡಿನ ಬ್ಯಾಂಡು, ‘ಮೆಷೀನ್ ಹೆಡ್’ ಎಂಬ ಆಲ್ಬಮ್ಮು. ಮೆಷೀನ್ ಹೆಡ್ ಅಂದರೆ ಗಿಟಾರಿನ ಬಿರಡೆ, ತಂತಿ ಬಿಗಿಯುವ ಕಿವಿ. ಗಾಯಕ ಹೇಳುತ್ತಿದ್ದ ಇಂಗ್ಲಿಷು ಅವನಿಗೆ ಅರ್ಧವೂ ತಿಳಿಯಲಿಲ್ಲ. ತಿಳಿದದ್ದು ಬೇರೆ. ಆ ಡ್ರಮ್ಮಿನ ಸದ್ದಿನ ಸುತ್ತ ಒಂದು ಜಾಗವಿತ್ತು. ಉದ್ದನೆಯ, ಖಾಲಿಯಾದ ಜಾಗ. ಹತ್ತಿಯ ಮೆತ್ತೆ ಹೊಡೆದ ಸ್ಟುಡಿಯೋ ಕೋಣೆ ಅದಲ್ಲ ಎಂದು ಮೈಕ್‌ಸೆಟ್ಟಿನ ಹುಡುಗನ ಕಿವಿ ಹೇಳಿತು. ವರ್ಷಗಳ ಮೇಲೆ ಪತ್ರಿಕೆಯೊಂದರಲ್ಲಿ ಓದಿದ: ಆ ಆಲ್ಬಮ್ಮನ್ನು ಧ್ವನಿಮುದ್ರಿಸಿದ್ದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ, ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಹೋಟೆಲೊಂದರ ಕಾರಿಡಾರಿನಲ್ಲಿ. ತನ್ನ ಕಿವಿ ಸುಳ್ಳು ಹೇಳಿರಲಿಲ್ಲ ಎಂಬ ಸಂತೋಷ ಅಂದಿನಿಂದ ಅವನ ಜೊತೆಗಿದೆ. 2001ರಲ್ಲಿ ಬ್ಯಾಂಡು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಾತ್ರಿ ಬಸ್ಸು ಹಿಡಿದು ಹೋಗಿ ಕೇಳಿಬಂದ. ಗಿಟಾರಿನ ರಿಚೀ ಬ್ಲ್ಯಾಕ್‌ಮೋರ್ ಅಷ್ಟರಲ್ಲಿ ಬ್ಯಾಂಡು ಬಿಟ್ಟು ಏಳು ವರ್ಷ ದಾಟಿತ್ತು. ಆದರೂ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಗಿಟಾರು ರಿಫ್ ಶುರುವಾದಾಗ ಮೈದಾನ ಒಂದೇ ಗಂಟಲಾಯಿತು.

ಕಳೆದ ಡಿಸೆಂಬರಿನಲ್ಲಿ, ಲೋಸಾನಿನಲ್ಲಿ ಓದುತ್ತಿರುವ ಅಕ್ಕನ ಮಗಳು ಫೋನಿನಲ್ಲಿ ಹೇಳಿದಳು: “ಮಾವ, ಮಾಂಟ್ರೋ ಇಲ್ಲಿಂದ ರೈಲಲ್ಲಿ ಅರ್ಧ ಗಂಟೆನೂ ಇಲ್ಲ. ಬರೋದಾದ್ರೆ ಚಳೀಲೇ ಬನ್ನಿ. ಅವರು ಬಂದಿದ್ದೂ ಡಿಸೆಂಬರಲ್ಲೇ ಅಲ್ವಾ?”

ರೈಲು ಜಿನೀವಾ ಸರೋವರದ ದಂಡೆಗೆ ಅಂಟಿಕೊಂಡೇ ಹೋಗುತ್ತದೆ. ಎಡಗಡೆ ಲಾವೋ ಇಳಿಜಾರಿನ ದ್ರಾಕ್ಷಿ ತೋಟಗಳು, ಕಲ್ಲು ಕಟ್ಟೆಗಳ ಮೆಟ್ಟಿಲು ಮೆಟ್ಟಿಲು, ಎಲೆ ಉದುರಿಸಿ ಕಡ್ಡಿಯಾಗಿ ನಿಂತ ಬಳ್ಳಿಗಳು. ಹನ್ನೆರಡನೆಯ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ಕಟ್ಟಲು ಶುರುಮಾಡಿದ ಕಟ್ಟೆಗಳಂತೆ. 2007ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಇಳಿಜಾರಿನಲ್ಲಿ ಮಣ್ಣು ಹಿಡಿದಿಡುವ ಕಷ್ಟ ಏನೆಂದು ತೋಟದವರಿಗೆ ಯಾರೂ ವಿವರಿಸಬೇಕಿಲ್ಲ. ಅವನು ಕಲ್ಲು ಕಟ್ಟೆಗಳನ್ನೇ ನೋಡುತ್ತಿದ್ದ, ಅವಳು ನೀರು ತೋರಿಸಿದಳು. ಆಚೆ ದಡದ ಬೆಟ್ಟಗಳ ಬುಡದಲ್ಲಿ ಮಂಜು ಕೂತಿತ್ತು. ಬೆಟ್ಟದ ತಲೆ ಕಾಣುತ್ತದೆ, ನೀರು ಕಾಣುತ್ತದೆ, ನಡುವಿನದು ಅಳಿಸಿಹೋಗಿದೆ. ಶರಾವತಿ ಹಿನ್ನೀರಿನಲ್ಲಿ ಲಾಂಚಿಗೆ ಕಾಯುತ್ತ ನಿಂತ ಬೆಳಗುಗಳಲ್ಲಿ ಹೀಗೆಯೇ ಇರುತ್ತಿತ್ತು. ನೀರಿನಲ್ಲಿ ಒಣಗಿ ನಿಂತ ಮರಗಳಷ್ಟೇ ಇಲ್ಲಿ ಇರಲಿಲ್ಲ. ಈ ಸರೋವರ ಯಾರ ಊರನ್ನೂ ಮುಳುಗಿಸಿ ಹುಟ್ಟಿದ್ದಲ್ಲ.

ಮಾಂಟ್ರೋ ಸಣ್ಣ ಊರು. ದಂಡೆಯುದ್ದಕ್ಕೂ ನಡೆಯುವ ದಾರಿ, ಹಿಂದೆ ಹಳೆಯ ಹೋಟೆಲುಗಳ ಸಾಲು, ಅದರ ಹಿಂದೆ ನೇರ ಮೇಲೇರುವ ಬೆಟ್ಟ. ಇಷ್ಟು ಸಣ್ಣ ಊರು ಇಷ್ಟೊಂದು ಜನರನ್ನು ಸಾಕಿದ್ದು ಹೇಗೆ ಎಂದು ಅನ್ನಿಸದೆ ಇರದು. ಸ್ಟ್ರಾವಿನ್‌ಸ್ಕಿ ತನ್ನ ‘ದ ರೈಟ್ ಆಫ್ ಸ್ಪ್ರಿಂಗ್’ ಸಂಗೀತದ ಬಹುಭಾಗ ಬರೆದದ್ದು ಇಲ್ಲಿನ ಕ್ಲಾರಾನ್ ಬಡಾವಣೆಯಲ್ಲಿ. ಕಾದಂಬರಿಕಾರ ನಬೊಕೊವ್ 1961ರಿಂದ ಸಾಯುವವರೆಗೆ ಮಾಂಟ್ರೋ ಪ್ಯಾಲೇಸ್ ಹೋಟೆಲಿನಲ್ಲೇ ಇದ್ದ. ಅಂದರೆ 1971ರಲ್ಲಿ ಇಲ್ಲಿನ ಕ್ಯಾಸಿನೋ ಸುಟ್ಟ ದಿನಗಳಲ್ಲೂ ಅವನ ಬಿಡಾರ ಈ ಊರೇ. ದಂಡೆಯಲ್ಲಿ ಕ್ವೀನ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಕಂಚಿನ ಪ್ರತಿಮೆ ಸರೋವರಕ್ಕೆ ಮುಖ ಮಾಡಿ ಕೈಯೆತ್ತಿ ನಿಂತಿದೆ. ಪಂಚಗಣಿಯ ಶಾಲೆಯಲ್ಲಿ ಪಿಯಾನೋ ಕಲಿತ ಹುಡುಗ. ಕಾಲ ಬುಡದಲ್ಲಿ ಯಾರೋ ಇಟ್ಟ ಹೂವು ಚಳಿಗೆ ಸೆಟೆದುಕೊಂಡಿತ್ತು.

ಪ್ರತಿಮೆಯ ಮುಂದೆ ಫೋಟೋಕ್ಕೆ ಸಾಲು. ಅದರ ಹತ್ತಿರದಲ್ಲೇ ಇರುವ ಇನ್ನೊಂದು ಸ್ಮಾರಕದ ಮುಂದೆ ಅವರಿಬ್ಬರೇ. ಅದರ ಮೇಲೆ ಬ್ಯಾಂಡಿನ ಹೆಸರು, ‘ಸ್ಮೋಕ್ ಆನ್ ದ ವಾಟರ್’ ಎಂಬ ಹಾಡಿನ ಹೆಸರು, ಜೊತೆಗೆ ಆ ರಿಫ್‌ನ ಸ್ವರಗಳು. ಅವಳು ಸ್ವರಲಿಪಿಯನ್ನು ಬೆರಳಿಟ್ಟು ಓದಿದಳು. ಚಿಕ್ಕಂದಿನಲ್ಲಿ ಪಾಠ ಹೇಳಿಸಿಕೊಂಡವಳು. ಷಡ್ಜ, ಗಾಂಧಾರ, ಮಧ್ಯಮ ಎಂದು ಮೆಲ್ಲಗೆ ಹಾಡಿದಳು. ಎರಡನೆಯ ಸಲ ಏರುವಾಗ ಪ್ರತಿಮಧ್ಯಮವನ್ನು ಒಮ್ಮೆ ಮುಟ್ಟಿ ಶುದ್ಧ ಮಧ್ಯಮಕ್ಕೆ ಇಳಿಯಿತು. ಇಡೀ ಲೋಕದಲ್ಲಿ ಗಿಟಾರು ಹಿಡಿದ ಪ್ರತಿ ಹುಡುಗ ಮೊದಲು ಕಲಿಯುವ ಪಾಠದಲ್ಲಿ ಇರುವುದು ನಾಲ್ಕೇ ಸ್ವರ.

“ಇಷ್ಟೇನಾ ಮಾವ?” ಅಂದಳು.

ಇಷ್ಟೇ. ಬ್ಲ್ಯಾಕ್‌ಮೋರ್ ಅದನ್ನು ಒಂದೊಂದು ತಂತಿಯಲ್ಲಿ ನುಡಿಸದೆ, ಎರಡೆರಡು ತಂತಿ ಸೇರಿಸಿ, ಪ್ಲೆಕ್ಟ್ರಮ್ ಬಿಟ್ಟು ಬೆರಳಲ್ಲೇ ಮೀಟಿದ್ದಾನೆ. ಅದರ ಬೆನ್ನಿಗೆ ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್. ಚರ್ಚಿನ ವಾದ್ಯದ ಮನೆತನದ್ದನ್ನು ಅವನು ಗಿಟಾರಿನ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಗುಡುಗಿಸುತ್ತಿದ್ದ. ಎರಡರ ಸದ್ದೂ ಬೆರೆತು ಎಲ್ಲಿ ಗಿಟಾರು ಮುಗಿಯಿತು, ಎಲ್ಲಿ ಆರ್ಗನ್ ಶುರುವಾಯಿತು ಎಂದು ತಿಳಿಯದಂತಾಗುತ್ತದೆ. ಇದನ್ನೆಲ್ಲ ಅವನು ದಂಡೆಯ ಚಳಿಗಾಳಿಯಲ್ಲಿ ನಿಂತು ಕೈಯಾಡಿಸಿ ಹೇಳಿದ. ಅವಳು ಕುಲಾವಿಯನ್ನು ಕಿವಿಯಿಂದ ಸರಿಸಿಕೊಂಡು ಕೇಳಿದಳು.

ಸ್ಮಾರಕದಿಂದ ಸ್ವಲ್ಪ ದೂರ ನಡೆದರೆ ಕ್ಯಾಸಿನೋ. ಈಗಿರುವುದು 1975ರಲ್ಲಿ ಹೊಸದಾಗಿ ಕಟ್ಟಿದ್ದು. ಅದರೊಳಗಿದ್ದ ಮೌಂಟನ್ ಸ್ಟುಡಿಯೋವನ್ನು ಮುಂದೆ ಫ್ರೆಡ್ಡಿಯ ಕ್ವೀನ್ ಬ್ಯಾಂಡು ಕೊಂಡುಕೊಂಡಿತು. ಹಳೆಯದು 1881ರಲ್ಲಿ ತೆರೆದದ್ದು, ಸುಟ್ಟುಹೋದದ್ದು 1971ರ ಡಿಸೆಂಬರ್ 4ರ ಶನಿವಾರ.

ಆ ದಿನದ ಕಥೆ ಆ ಜಾಗದಲ್ಲಿ ನಿಂತು ನೆನೆದರೆ ಬೇರೆ ತೂಕ ಪಡೆಯುತ್ತದೆ. ಡೀಪ್ ಪರ್ಪಲ್ ಆಗ ಸುಸ್ತಾದ ಬ್ಯಾಂಡು. ಗಾಯಕ ಇಯಾನ್ ಗಿಲನ್‌ಗೆ ಕಾಮಾಲೆ ಬಂದು ಅಮೆರಿಕದ ಪ್ರವಾಸ ರದ್ದಾಗಿತ್ತು. ವೇದಿಕೆಯ ಮೇಲೆ ತಮಗೆ ಬರುವ ಸದ್ದು ಲಂಡನ್ನಿನ ಸ್ಟುಡಿಯೋಗಳಲ್ಲಿ ಬರುತ್ತಿಲ್ಲ ಎಂಬ ಕೊರಗು ಬೇರೆ. ಹಾಗಾಗಿ ಸ್ಟುಡಿಯೋವೇ ಬೇಡ, ಸಭಾಂಗಣವೊಂದನ್ನು ಹಿಡಿದು ಅಲ್ಲೇ ನುಡಿಸಿ ಮುದ್ರಿಸೋಣ ಎಂದು ಇಲ್ಲಿಗೆ ಬಂದರು. ಕ್ಯಾಸಿನೋ ಚಳಿಗಾಲಕ್ಕೆ ಮುಚ್ಚುವುದಿತ್ತು. ಮುಚ್ಚುವ ಮುಂಚಿನ ಕಾರ್ಯಕ್ರಮ ಅಮೆರಿಕದ ಫ್ರಾಂಕ್ ಜಾಪಾ ಮತ್ತವನ ‘ಮದರ್ಸ್ ಆಫ್ ಇನ್ವೆನ್ಷನ್’ ತಂಡದ್ದು. ಅದು ಮುಗಿದರೆ ಸಭಾಂಗಣ ಇವರ ಕೈಗೆ. ಕಾರ್ಯಕ್ರಮ ನೋಡಲು ಇವರೂ ಹೋಗಿದ್ದರು. ಕೀಬೋರ್ಡಿನ ಏಕವಾದನ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಸೂರಿನತ್ತ ಫ್ಲೇರ್ ಗನ್ ಹಾರಿಸಿದ. ಸೂರಿನ ಒಣ ಬೆತ್ತದ ಹೊದಿಕೆಗೆ ಕಿಡಿ ಹತ್ತಿತು.

ಯಾರೂ ಸಾಯಲಿಲ್ಲ. ಈ ಕಥೆಯನ್ನು ಹೇಳುವವರು ಈ ಮಾತಿನ ಮೇಲೆ ಬೇಗ ಹಾರಿಹೋಗುತ್ತಾರೆ, ಹಾರಬಾರದು. ತುಂಬಿದ ಸಭಾಂಗಣ ನೂಕುನುಗ್ಗಲಿಲ್ಲದೆ ಹೊರಬಂತು. ಜಾಪಾ ವೇದಿಕೆಯಿಂದ ಸಮಾಧಾನವಾಗಿ ಹೊರಡಲು ಹೇಳಿದ. ಕಾರ್ಯಕ್ರಮ ಏರ್ಪಡಿಸಿದ್ದ ಕ್ಲೋಡ್ ನೋಬ್ಸ್ ಒಳಗೂ ಹೊರಗೂ ಓಡಾಡಿ ಹುಡುಗರನ್ನು ಎಳೆದು ತಂದ. ಡೇರೆಯ ಆಟಗಳಲ್ಲಿ ಬೆಳೆದವನಿಗೆ ಬೆಂಕಿಯ ಭಯ ಗೊತ್ತು. ತೆಂಗಿನ ಗರಿ, ಗ್ಯಾಸ್‌ಲೈಟು, ಸಾವಿರ ಜನ, ಒಂದೇ ಬಾಗಿಲು. ಅವನ ಅಪ್ಪ ಎಲ್ಲೇ ಮೈಕು ಕಟ್ಟಲು ಹೋದರೂ ಮೊದಲು ನೋಡುತ್ತಿದ್ದುದು ಹೊರಗೆ ಹೋಗುವ ದಾರಿಯನ್ನು, ಆಮೇಲೆ ಪ್ಲಗ್ಗು.

ಜಾಪಾನ ವಾದ್ಯಗಳೆಲ್ಲ ಬೂದಿಯಾದವು. ಒಂದು ವಾರದೊಳಗೆ ಲಂಡನ್ನಿನಲ್ಲಿ ಯಾರೋ ಅವನನ್ನು ವೇದಿಕೆಯಿಂದ ಕೆಳಕ್ಕೆ ನೂಕಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿದರು. ಆ ಬೆಂಕಿಯ ಕಥೆಯಲ್ಲಿ ನಿಜವಾಗಿ ಕಳೆದುಕೊಂಡವನು ಅವನು. ಡೀಪ್ ಪರ್ಪಲ್‌ನವರು ದಂಡೆಯ ಹೋಟೆಲಿನ ಕಿಟಕಿಯಲ್ಲಿ ನಿಂತು, ತಾವು ಮುದ್ರಣ ಮಾಡಬೇಕಿದ್ದ ಕಟ್ಟಡ ಉರಿಯುವುದನ್ನೂ, ಬೆಟ್ಟದಿಂದಿಳಿದ ಗಾಳಿ ಹೊಗೆಯನ್ನು ಸರೋವರದ ಮೇಲೆ ಹಾಸುವುದನ್ನೂ ನೋಡಿದರು.

ಕ್ರಿಸ್‌ಮಸ್ ಸಂತೆ ದಂಡೆಯುದ್ದಕ್ಕೂ ಹರಡಿತ್ತು. ಸಣ್ಣ ಸಣ್ಣ ಮರದ ಗೂಡಂಗಡಿಗಳು, ಲವಂಗ ಹಾಕಿ ಕಾಯಿಸಿದ ವೈನಿನ ಹಬೆ, ರಾಕ್ಲೆಟ್ ಅಂಗಡಿಯ ಮುಂದೆ ಗುಂಪು. ಅರ್ಧ ಚಕ್ರದಷ್ಟು ದೊಡ್ಡ ಚೀಸ್‌ಗಟ್ಟಿಯನ್ನು ಕೆಂಡದಂಥ ಕಾವಿಗೆ ಹಿಡಿದು, ಕರಗಿದ ಮೇಲ್ಪದರವನ್ನು ಬೇಯಿಸಿದ ಆಲೂಗಡ್ಡೆಯ ಮೇಲೆ ಕೆರೆದು ಹಾಕುತ್ತಾರೆ, ಪಕ್ಕದಲ್ಲಿ ಹುಳಿಯಲ್ಲಿ ನೆನೆಸಿದ ಎಳೆ ಸೌತೆ. ಮಿಡಿ ಉಪ್ಪಿನಕಾಯಿ ಕಂಡ ನಾಲಿಗೆಗೆ ಆ ಸೌತೆ ಸಪ್ಪೆ, ಆದರೆ ಚಳಿಯಲ್ಲಿ ಚೀಸು ಹೊಟ್ಟೆಗಿಳಿದಾಗ ಬೆನ್ನು ನೇರವಾಗುತ್ತದೆ. ಮುಂದಿನ ಗೂಡಿನಲ್ಲಿ ಮುದುಕನೊಬ್ಬ ತೂತಿನ ಬಾಣಲೆಯಲ್ಲಿ ಚೆಸ್ಟ್‌ನಟ್ ಹುರಿಯುತ್ತಿದ್ದ. ಸಿಪ್ಪೆ ಬಿರಿದು ಬಂದ ಕಾಯಿಯನ್ನು ಬಾಯಿಗಿಟ್ಟದ್ದೇ ಅವನು ನಕ್ಕುಬಿಟ್ಟ. ಅದು ಮಳೆಗಾಲದಲ್ಲಿ ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ. ಅದೇ ಹಿಟ್ಟು ಹಿಟ್ಟು ಸಿಹಿ, ಅದೇ ಸುಟ್ಟ ಸಿಪ್ಪೆಯ ವಾಸನೆ.

ಅವಳು ಫ್ರೆಂಚಿನಲ್ಲಿ ಮುದುಕನಿಗೆ ಅದನ್ನು ಹೇಳಿದಳು, ಮಾವ ಇಷ್ಟು ದೂರ ಬಂದದ್ದು ಏಕೆ ಎಂಬುದನ್ನೂ. ಮುದುಕ ಬಾಣಲೆ ಕೆಳಗಿಟ್ಟ. ಕ್ಯಾಸಿನೋ ಸುಟ್ಟಾಗ ಅವನಿಗೆ ಎಂಟು ವರ್ಷ. ಹೊಗೆ ಬರುತ್ತದೆಂದು ಅಮ್ಮ ಕಿಟಕಿ ಮುಚ್ಚಿದಳು, ತಾನು ಮುಚ್ಚಿದ ಗಾಜಿಗೆ ಮೂಗು ಒತ್ತಿ ನೋಡಿದೆ, ನೆನಪಿರುವುದು ಅಷ್ಟೇ ಎಂದ. ಆಮೇಲೆ ಇನ್ನೊಂದು ಮಾತು ಹೇಳಿದ, ಅವಳು ಕನ್ನಡಕ್ಕೆ ತಿರುಗಿಸಿದಳು: “ಎಲ್ಲರೂ ಬೆಂಕಿ ಬಗ್ಗೆ ಕೇಳ್ತಾರೆ, ಕ್ಲೋಡ್ ಬಗ್ಗೆ ಯಾರೂ ಕೇಳಲ್ಲ ಅಂತಿದಾರೆ ಮಾವ.”

ಕ್ಲೋಡ್ ನೋಬ್ಸ್ ಈ ಊರಿನವನೇ, ಟೆರಿಟೆಯಲ್ಲಿ ಹುಟ್ಟಿದವನು. ಅಡುಗೆಯ ತರಬೇತಿ ಪಡೆದವನು ಪ್ರವಾಸೋದ್ಯಮ ಕಚೇರಿಗೆ ಸೇರಿ, 1967ರಲ್ಲಿ ಮಾಂಟ್ರೋ ಜಾಜ್ ಉತ್ಸವ ಶುರುಮಾಡಿದ. ಮೊದಲ ವರ್ಷದಿಂದಲೂ ಪ್ರತಿ ಕಛೇರಿಯನ್ನು ಮುದ್ರಿಸಿಡುವ ಹಟ ಅವನಿಗೆ. 5,000 ಗಂಟೆಗೂ ಮೀರಿದ ಆ ಭಂಡಾರ 2013ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು. ಅದನ್ನು ಡಿಜಿಟಲ್ ಮಾಡಿದ್ದು ಇವಳು ಓದುವ ಲೋಸಾನಿನ ತಂತ್ರಜ್ಞಾನ ಸಂಸ್ಥೆಯೇ. ಹಿಮಜಾರಾಟದಲ್ಲಿ ಬಿದ್ದು ಪೆಟ್ಟಾದ ನೋಬ್ಸ್ ತೀರಿಕೊಂಡದ್ದೂ ಅದೇ 2013ರ ಜನವರಿಯಲ್ಲಿ.

ಕ್ಯಾಸಿನೋ ಸುಟ್ಟ ಮೇಲೆ ಊರಿನ ಪ್ರಮುಖನಾದ ಅವನಿಗೆ ನೂರು ತಲೆನೋವುಗಳಿದ್ದವು. ಆದರೂ ಐವರು ಇಂಗ್ಲಿಷ್ ಹುಡುಗರಿಗೆ ಜಾಗ ಹುಡುಕುವುದನ್ನು ಬಿಡಲಿಲ್ಲ. ಮೊದಲು ಪೆವಿಲಿಯನ್ ಎಂಬ ನಾಟಕಶಾಲೆ ಕೊಡಿಸಿದ. ಅಲ್ಲಿ ಒಂದು ವಾದನವಷ್ಟೇ ಮುದ್ರಣವಾದದ್ದು. ಇನ್ನೂ ಸಾಹಿತ್ಯವಿಲ್ಲದ, ಹೆಸರಿಲ್ಲದ ಟ್ಯೂನು. ರಾತ್ರಿಯ ಸದ್ದಿಗೆ ನೆರೆಹೊರೆಯವರು ದೂರು ಕೊಟ್ಟರು, ಪೊಲೀಸರು ಬಂದರು. ಒಳಗೆ ವಾದನ ಮುಗಿಯುವವರೆಗೆ ಸಹಾಯಕರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಮುಗಿಯಿತು, ಬಾಗಿಲು ತೆರೆಯಿತು, ಬ್ಯಾಂಡು ಬೀದಿಗೆ ಬಂತು. ಆ ಹೆಸರಿಲ್ಲದ ಟ್ಯೂನೇ ಈಗ ದಂಡೆಯಲ್ಲಿ ಸ್ಮಾರಕವಾಗಿ ನಿಂತಿರುವುದು.

ಟೆರಿಟೆ ಮಾಂಟ್ರೋದ ಅಂಚು. ದಂಡೆಯ ದಾರಿಯಲ್ಲೇ ನಡೆದರೆ ಸಿಗುತ್ತದೆ. ಇನ್ನೂ ಮುಂದೆ ನಡೆದರೆ ನೀರಿಗೆ ಕಾಲಿಟ್ಟಂತಿರುವ ಶೀಯೋಂ ಕೋಟೆ. ಪ್ರವಾಸಿಗರೆಲ್ಲ ಕೋಟೆಗೆ ಹೋಗುತ್ತಾರೆ, ಇವರು ಕೋಟೆಯನ್ನು ದೂರದಿಂದ ನೋಡಿ ತೃಪ್ತರಾದರು. ಟೆರಿಟೆಯ ಉದ್ಯಾನದಲ್ಲಿ ಆಸ್ಟ್ರಿಯದ ಸಾಮ್ರಾಜ್ಞಿ ಎಲಿಜಬೆತ್‌ಳ ಬಿಳಿ ಪ್ರತಿಮೆ ಇದೆ. ಇಲ್ಲಿನ ಗ್ರ್ಯಾಂಡ್ ಹೋಟೆಲಿನಲ್ಲಿ ತಂಗುತ್ತಿದ್ದಳಂತೆ. 1883ರಲ್ಲಿ ಇಲ್ಲಿಂದ ಬೆಟ್ಟ ಹತ್ತುವ ಹಗ್ಗದ ರೈಲು ಹಾಕಿದ್ದೂ ಆ ಕಾಲದ ಸಿರಿವಂತ ಅತಿಥಿಗಳಿಗಾಗಿಯೇ. 1971ರ ಹೊತ್ತಿಗೆ ಆ ವೈಭವ ಇಳಿದಿತ್ತು. ಚಳಿಗಾಲದಲ್ಲಿ ಹೋಟೆಲು ಬೀಗ ಹಾಕಿ, ಒಲೆ ಆರಿಸಿ ನಿಲ್ಲುತ್ತಿತ್ತು. ಬೀದಿಗೆ ಬಂದ ಬ್ಯಾಂಡಿಗೆ ಕೊನೆಗೆ ಸಿಕ್ಕಿದ್ದು ಆ ಹೋಟೆಲೇ.

ಅವನು ರಸ್ತೆಯ ಈಚೆಗೆ ನಿಂತು ಆ ದೊಡ್ಡ ಕಟ್ಟಡವನ್ನು ನೋಡಿದ. ಒಳಗೆ ಹೋಗಲಿಲ್ಲ, ಕೇಳಲೂ ಇಲ್ಲ. ಯಾರದೋ ಬದುಕು ನಡೆಯುವ ಕಡೆ ಐವತ್ತು ವರ್ಷ ಹಿಂದಿನ ಸದ್ದು ಹುಡುಕಿಕೊಂಡು ಬಾಗಿಲು ತಟ್ಟುವುದು ಅವನಿಗೆ ಸರಿಬರಲಿಲ್ಲ. ಹೊರಗಿನಿಂದಲೇ ಅಳೆದ. ಲಾರಿ ಎಲ್ಲಿ ನಿಂತಿದ್ದಿರಬಹುದು, ಕೇಬಲ್ಲು ಯಾವ ಕಿಟಕಿಯಿಂದ ಒಳಹೋಗಿರಬಹುದು.

ಲಾರಿ ಅಂದರೆ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರ ಸಂಚಾರಿ ಸ್ಟುಡಿಯೋ. ಗಾಡಿಯೊಳಗೆ ಹದಿನಾರು ಟ್ರ್ಯಾಕಿನ ಮುದ್ರಣ ಯಂತ್ರ, ಮಿಕ್ಸರು, ಸ್ಪೀಕರು. ಹೊರಗೆ ಎಲ್ಲಿ ಬೇಕಾದರೂ ಎಳೆಯಬಹುದಾದ ಕೇಬಲ್ಲು. ಲೆಡ್ ಜೆಪೆಲಿನ್ ತನ್ನ ನಾಲ್ಕನೆಯ ಆಲ್ಬಮ್ಮಿಗೆ ಬಳಸಿದ್ದೂ ಇದನ್ನೇ. ಈಗ ಅದು ಕೆನಡಾದ ಕ್ಯಾಲ್ಗರಿಯ ರಾಷ್ಟ್ರೀಯ ಸಂಗೀತ ಕೇಂದ್ರದಲ್ಲಿದೆ. ಅದನ್ನು ಹೋಟೆಲಿನ ಹೊರಗೆ ಹಿಮದಲ್ಲಿ ನಿಲ್ಲಿಸಿದರು. ಒಳಗೆ ಕಾರಿಡಾರಿನ ತುದಿಯಲ್ಲಿ ಇಯಾನ್ ಪೇಸ್‌ನ ಡ್ರಮ್ಮು, ಅತ್ತಿತ್ತ ಆಂಪ್ಲಿಫೈಯರುಗಳು, ಸದ್ದು ಓಡಿಹೋಗದಂತೆ ಹೋಟೆಲಿನದೇ ಹಾಸಿಗೆಗಳ ತಡೆಗೋಡೆ, ಕೊರೆಯುವ ಚಳಿಗೆ ಬಾಡಿಗೆಯ ಹೀಟರು. ಮುದ್ರಣದ ಇಂಜಿನಿಯರು ಮಾರ್ಟಿನ್ ಬರ್ಚ್ ಲಾರಿಯಲ್ಲಿ. ನುಡಿಸಿದ್ದು ಹೇಗೆ ಬಂದಿದೆ ಎಂದು ಕೇಳಬೇಕೆಂದರೆ ವಾದಕರು ಕೋಣೆ, ಬಾಲ್ಕನಿ ದಾಟಿ, ಹಿಮ ತುಳಿದು ಲಾರಿ ಹತ್ತಬೇಕು. ಹಾಗೆಯೇ ವಾಪಸು ಬರಬೇಕು. ಒಂದೆರಡು ದಿನ ಹೋಗಿಬಂದರು. ಆಮೇಲೆ ಬಿಟ್ಟರು. ಇನ್ನೊಂದು ಸಲ ಚೆನ್ನಾಗಿ ನುಡಿಸಿದರಾಯಿತು, ಸರಿ ಬಂದಾಗ ಬರ್ಚ್ ಹೇಳುತ್ತಾನೆ.

ಮೈಕ್‌ಸೆಟ್ಟಿನ ಮಗನಿಗೆ ಈ ಆಲ್ಬಮ್ಮಿನ ಗುಟ್ಟು ಇಲ್ಲಿದೆ. ಐವರು ಕಣ್ಣಿಗೆ ಕಣ್ಣು ಕೊಟ್ಟು ನುಡಿಸಿದರು, ತಮ್ಮನ್ನು ತಾವು ಕೇಳಿಸಿಕೊಂಡು ತಿದ್ದುವ ಅವಕಾಶವನ್ನು ಹಿಮ ಕಿತ್ತುಕೊಂಡಿತ್ತು, ಕೇಳುವ ಕೆಲಸವನ್ನು ನಂಬಿಕಸ್ತನಾದ ಒಬ್ಬನಿಗೆ ವಹಿಸಿದರು. ಬಯಲಾಟದಲ್ಲೂ ಭಾಗವತರು ತಮ್ಮ ದನಿ ಹೊರಗೆ ಹೇಗೆ ಕೇಳುತ್ತಿದೆ ಎಂದು ಎದ್ದುಹೋಗಿ ನೋಡಲಾಗದು. ಹಿಂದೆ ಟಾರ್ಪಾಲಿನ ಕೆಳಗೆ ಕೂತವನ ಮೇಲೆ ಭಾರ ಹಾಕಿ ಹಾಡುತ್ತಾರೆ. ‘ಹೈವೇ ಸ್ಟಾರ್’ ಹಾಡಿನ ಮಿಂಚಿನ ಓಟ ಕೇಳಿ, ಏಳು ನಿಮಿಷ ದಾಟುವ ‘ಲೇಜಿ’ಯಲ್ಲಿ ಆರ್ಗನ್ನೂ ಗಿಟಾರೂ ಒಂದರ ಮಾತಿಗೆ ಇನ್ನೊಂದು ಉತ್ತರ ಕೊಡುವುದನ್ನು ಕೇಳಿ: ಆ ನಂಬಿಕೆ ಕಿವಿಗೆ ಸಿಗುತ್ತದೆ. ‘ಹೈವೇ ಸ್ಟಾರ್’ ಹುಟ್ಟಿದ್ದೂ ದಾರಿಯಲ್ಲೇ. ಹಾಡು ಹೇಗೆ ಕಟ್ಟುತ್ತೀರಿ ಎಂದು ಪತ್ರಕರ್ತನೊಬ್ಬ ಕೇಳಿದ್ದಕ್ಕೆ, ಪೋರ್ಟ್ಸ್‌ಮತ್ ಊರಿಗೆ ಹೋಗುವ ಬಸ್ಸಿನಲ್ಲಿ ಅಲ್ಲೇ ಕಟ್ಟಿ ತೋರಿಸಿದ್ದು.

ಡಿಸೆಂಬರ್ 6ರಿಂದ 21, ಕೆಲಸ ಅಷ್ಟು ದಿನದ್ದು. ಕೊನೆಯಲ್ಲಿ ಲೆಕ್ಕ ಹಾಕಿದರೆ ಆಲ್ಬಮ್ಮಿಗೆ ಇನ್ನೂ ಕೆಲವು ನಿಮಿಷದ ಸಂಗೀತ ಕಡಿಮೆ. ಪೆವಿಲಿಯನ್ನಿನಲ್ಲಿ ಮುದ್ರಿಸಿದ ಆ ಹೆಸರಿಲ್ಲದ ಟ್ಯೂನು ನೆನಪಾಯಿತು. ಬೇಸ್ ಗಿಟಾರಿನ ರಾಜರ್ ಗ್ಲೋವರ್ ಬೆಂಕಿಯ ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ ಎಚ್ಚರಾಗುವಾಗ ಬಾಯಲ್ಲಿ ಮೂರು ನಾಲ್ಕು ಪದದ ಒಂದು ನುಡಿ ಇತ್ತು: ನೀರಿನ ಮೇಲಿನ ಹೊಗೆ. ಅದೇ ಹೆಸರಾಯಿತು. ಗಿಲನ್ ಮತ್ತು ಗ್ಲೋವರ್ ಕೂತು, ಊರಿಗೆ ಬಂದದ್ದು, ಬೆಂಕಿ ಬಿದ್ದದ್ದು, ಜಾಗ ಹುಡುಕಿದ್ದು, ಖಾಲಿ ಹೋಟೆಲು ಸಿಕ್ಕಿದ್ದು, ನೋಬ್ಸ್ ಓಡಾಡಿದ್ದು, ಎಲ್ಲವನ್ನೂ ನಡೆದ ಹಾಗೆಯೇ ಬರೆದರು. ಅಲಂಕಾರವಿಲ್ಲ, ಉಪಮೆಯಿಲ್ಲ. ಪ್ರವಾಸ ಮುಗಿಸಿ ಬಂದವನು ಮನೆಗೆ ಬರೆದ ಕಾಗದದಂತೆ ಇದೆ.

ವಾಪಸು ನಡೆಯುವಾಗ ಅವಳು ಆ ಪ್ರಶ್ನೆ ಕೇಳಿದ್ದು. ಕತ್ತಲಾಗಿತ್ತು, ಆಚೆ ದಡದ ಫ್ರಾನ್ಸಿನ ದೀಪಗಳು ನೀರಿನಲ್ಲಿ ಅಲುಗುತ್ತಿದ್ದವು.

“ಹಾಗಾದ್ರೆ ಮಾವ, ಬೆಂಕಿ ಬಿದ್ದಿದ್ದು ಒಳ್ಳೇದೇ ಆಯ್ತು ಅಲ್ವಾ? ಬೀಳದಿದ್ರೆ ಈ ಹಾಡೇ ಇರ್ತಿರಲಿಲ್ಲ.”

“ಹಾಗನ್ನಬಾರದು ಕೂಸೇ,” ಅಂದ ಅವನು. ಅದಕ್ಕಿಂತ ಹೆಚ್ಚು ಹೇಳಲು ಆಗ ಮಾತು ಒದಗಲಿಲ್ಲ.

ಮಾತು ಒದಗಿದ್ದು ಮನೆಗೆ ಬಂದ ಮೇಲೆ, ಆ ಅಡಿಕೆ ಹೊಗೆಯ ಬೆಳಗಿನಲ್ಲಿ. ಈ ಆಲ್ಬಮ್ಮಿನ ಕಥೆಯನ್ನು ಹೇಳುವವರೆಲ್ಲ ಬೆಂಕಿಯನ್ನು ನಾಯಕನನ್ನಾಗಿ ಮಾಡುತ್ತಾರೆ. ಅದು ತಪ್ಪು ಎಂದು ಅವನಿಗೆ ಈಗ ಸ್ಪಷ್ಟವಾಗಿದೆ. ಬೆಂಕಿ ಒಂದು ಊರಿನ ತೊಂಬತ್ತು ವರ್ಷದ ಕಟ್ಟಡವನ್ನೂ ಒಬ್ಬ ಕಲಾವಿದನ ವಾದ್ಯಗಳನ್ನೂ ತಿಂದಿತು, ಕೊಟ್ಟದ್ದು ಏನೂ ಇಲ್ಲ. ಕೊಟ್ಟವರು ಮನುಷ್ಯರು. ಸುಟ್ಟ ಕಟ್ಟಡದ ಬೂದಿ ಆರುವ ಮುನ್ನ ಇನ್ನೊಬ್ಬರ ಕೆಲಸಕ್ಕೆ ಜಾಗ ಹುಡುಕಿದ ನೋಬ್ಸ್, ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಹೆಸರಿಲ್ಲದ ಸಹಾಯಕರು, ಹಾಸಿಗೆ ಹೊತ್ತವರು, ಹಿಮದಲ್ಲಿ ಕೇಬಲ್ಲು ಎಳೆದವರು, ಲಾರಿಯಲ್ಲಿ ಕೂತು ಕೇಳಿದ ಬರ್ಚ್. ಸಭೆ ಮುಗಿದ ಮೇಲೆ ನಮ್ಮಲ್ಲಿ ವಂದನಾರ್ಪಣೆ ಇರುತ್ತದೆ. ಅಧ್ಯಕ್ಷರು, ಅತಿಥಿಗಳು, ದಾನಿಗಳು ಎಲ್ಲ ಆದ ಮೇಲೆ, ಜನ ಕುರ್ಚಿ ಬಿಟ್ಟು ಏಳುವ ಹೊತ್ತಿಗೆ, ಮೈಕ್‌ಸೆಟ್ಟಿನವರ ಹೆಸರು. ಅಪ್ಪ ಆ ಹೆಸರಿಗಾಗಿ ಕಾಯದೆ ವೈರು ಸುತ್ತಲು ಶುರುಮಾಡಿರುತ್ತಿದ್ದರು. ಡೀಪ್ ಪರ್ಪಲ್‌ನವರು ವಂದನಾರ್ಪಣೆಯನ್ನೇ ಹಾಡು ಮಾಡಿದರು, ನೋಬ್ಸ್‌ಗೆ ಅಕ್ಕರೆಯ ಅಡ್ಡಹೆಸರೊಂದನ್ನು ಇಟ್ಟು ಅದರಲ್ಲಿ ಕೂರಿಸಿದರು. ಆ ಹಾಡು ಅವನಿಗೆ ಅಷ್ಟು ಹತ್ತಿರವಾಗಿದ್ದಕ್ಕೆ ಕಾರಣ ಅದು ಎಂದು ತಿಳಿಯಲು ಮಾಂಟ್ರೋಗೆ ಹೋಗಿ ಬರಬೇಕಾಯಿತು.

‘ಮೆಷೀನ್ ಹೆಡ್’ 1972ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ಏಳನೆಯದು. ಜನರ ಬಾಯಿಗೆ ಬರುತ್ತದೆಂದು ಬ್ಯಾಂಡು ನಂಬಿದ್ದು ‘ನೆವರ್ ಬಿಫೋರ್’ ಎಂಬ ಹಾಡನ್ನು. ಸಿಂಗಲ್ ಆಗಿ ಮೊದಲು ಬಂದದ್ದೂ ಅದೇ, ಹೆಚ್ಚು ದೂರ ಹೋಗಲಿಲ್ಲ. ಅದರ ಹಿಂಬದಿಗೆ ಹಾಕಿದ್ದ ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಎಂಬ ನಿಧಾನಗತಿಯ ಹಾಡು ಬ್ಲ್ಯಾಕ್‌ಮೋರ್‌ಗೆ ಹಿಡಿಸದ ಕಾರಣ ಆಲ್ಬಮ್ಮಿನಿಂದಲೇ ಹೊರಗುಳಿದಿತ್ತು. ಅದು ಅನ್ಯಾಯ; ಆ ಕಾರಿಡಾರಿನ ಚಳಿ ಎಲ್ಲಕ್ಕಿಂತ ಹೆಚ್ಚು ಇಳಿದಿರುವುದು ಆ ಹಾಡಿನಲ್ಲಿ. ಹೊಗೆಯ ಹಾಡಿನ ಕಡೆ ಯಾರ ಗಮನವೂ ಇರಲಿಲ್ಲ. ಆಗಸ್ಟಿನಲ್ಲಿ ಒಸಾಕಾ, ಟೋಕಿಯೋಗಳಲ್ಲಿ ನುಡಿಸಿದ್ದು ‘ಮೇಡ್ ಇನ್ ಜಪಾನ್’ ಎಂಬ ಆಲ್ಬಮ್ಮಾಗಿ ಬಂದು, ಅದರ ನಂತರ 1973ರಲ್ಲಿ ಅಮೆರಿಕದಲ್ಲಿ ಅದನ್ನು ಸಿಂಗಲ್ ಆಗಿ ಬಿಟ್ಟಾಗ ನಾಲ್ಕನೆಯ ಸ್ಥಾನಕ್ಕೇರಿತು. ಅದೇ ಬೇಸಿಗೆಯಲ್ಲಿ, ಅದನ್ನು ಬರೆದ ಗಿಲನ್ ಮತ್ತು ಗ್ಲೋವರ್ ಇಬ್ಬರೂ ಬ್ಯಾಂಡಿನಿಂದ ಹೊರಬಿದ್ದಿದ್ದರು. ಲಾರಿಯಲ್ಲಿದ್ದ ಬರ್ಚ್ ಮುಂದೆ ಐರನ್ ಮೇಡನ್ ಬ್ಯಾಂಡಿನ ಆಲ್ಬಮ್ಮುಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ರೂಪಿಸಿದ. 2007ರಲ್ಲಿ ಅದೇ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡುಗಳಿಗೆ ಕುಣಿದ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಅವನ ಹೆಸರು ಗೊತ್ತಿತ್ತೋ. 2020ರಲ್ಲಿ ಅವನು ತೀರಿಕೊಂಡ.

ಅಡಿಕೆ ಬೇಯಿಸಿ ಮುಗಿದ ಒಂದು ಸಂಜೆ ಅವನು ಅಪ್ಪನ ಕೋಣೆಯಲ್ಲಿ ಆಲ್ಬಮ್ಮನ್ನು ಮೊದಲಿಂದ ಹಾಕಿದ. ಎಂಬತ್ತು ದಾಟಿದ ಅಪ್ಪ ಕಣ್ಣು ಮುಚ್ಚಿ ಕೇಳಿದರು. ಭಾಷೆ ಯಾವುದು, ಹಾಡುವವರು ಯಾರು ಎಂದು ಕೇಳಲಿಲ್ಲ. ನಾಲ್ಕನೆಯ ಹಾಡಿನ ಹೊತ್ತಿಗೆ ಒಮ್ಮೆ ಕಣ್ಣು ಬಿಟ್ಟು, “ಇದು ಕೋಣೆ ಅಲ್ಲ. ಎಲ್ಲಿ ಮಾಡಿದ್ದು?” ಅಂದರು. ಅವನು ಕಾರಿಡಾರಿನ ಕಥೆ ಹೇಳಿದ, ಹಾಸಿಗೆಗಳ ಗೋಡೆ ಕಟ್ಟಿದ್ದನ್ನೂ ಹೇಳಿದ.

“ಹಾಸಿಗೆ ಕಟ್ಟಿದ್ದು ಸರಿ,” ಅಂದರು ಅಪ್ಪ, ಮತ್ತೆ ಕಣ್ಣು ಮುಚ್ಚಿದರು.

ಏಳು ಹಾಡು, ಎಲ್ಲ ಸೇರಿ ಸುಮಾರು 37 ನಿಮಿಷ. ಹೊಗೆಯ ಹಾಡೊಂದನ್ನೇ ಹೆಕ್ಕಿ ಕೇಳಬೇಡಿ. ಅವರು ಜೋಡಿಸಿದ ಕ್ರಮದಲ್ಲೇ, ಒಂದೇ ಕೂತಲ್ಲಿ ಕೇಳಿ. ಮುಗಿದ ಮೇಲೆ ಮುದ್ರಣದ ಇಂಜಿನಿಯರಿನ ಹೆಸರನ್ನೂ ಒಮ್ಮೆ ಬಾಯಿಬಿಟ್ಟು ಓದಿ: ಮಾರ್ಟಿನ್ ಬರ್ಚ್.